ನಲವತ್ತೆರಡನೇ ಚೀಟಿ

"ನನ್ನ ದುಡ್ಡೆಲ್ಲ ಹೋಯ್ತು! ಲಾಕರ್ ತೆಗೆದಿದ್ದು ನೀವೇ!"

ಬ್ಯಾಂಕಿನ ಬಾಗಿಲು ತೆರೆಯುತ್ತಿದ್ದಂತೆ ಯುವ ವ್ಯಾಪಾರಿ ಕೂಗಾಡಿದ. ಬ್ಯಾಂಕಿನ ಹಂಗೇ ಇಲ್ಲದ ಡಿಜಿಟಲ್ ಹಣದ ವ್ಯವಹಾರ ಅವನದು. ಅಲ್ಲಿ ಮ್ಯಾನೇಜರ್ ಇಲ್ಲ, ಗುಮಾಸ್ತರಿಲ್ಲ; ಹನ್ನೆರಡು ಗುಪ್ತ ಪದ ಗೊತ್ತಿದ್ದವನೇ ಒಡೆಯ. ಆ ಪದಗಳನ್ನು ಬರೆದ ಚೀಟಿಯನ್ನು ಮಾತ್ರ ಮಹಾಶಯ ತಂದಿಟ್ಟಿದ್ದು ಇದೇ ಹಳೇ ಬ್ಯಾಂಕಿನ ಲಾಕರಿನಲ್ಲಿ!

ಎಲ್ಲರೂ ಲಾಕರಮ್ಮ ಎಂದೇ ಕರೆಯುವ ಗುಮಾಸ್ತೆಯ ಮುಖ ಕೆಂಪೇರಿತು. ಗಿರಾಕಿಗಳೆಲ್ಲ ಅಂಥ ವ್ಯವಹಾರದತ್ತ ಹೋಗಿ ಶಾಖೆ ಶುಕ್ರವಾರ ಮುಚ್ಚಲಿತ್ತು. ಮೂವತ್ತೊಂದು ವರ್ಷ ಕಪ್ಪುಚುಕ್ಕೆಯಿಲ್ಲದೆ ದುಡಿದು, ಕಳ್ಳಿ ಎನಿಸಿಕೊಂಡು ಮನೆಗೆ ಹೋಗುವುದೇ?

"ಪೊಲೀಸ್ರನ್ನ ಕರೆಸಿ ಸಾರ್," ಎಂದಳು ಮ್ಯಾನೇಜರಿಗೆ.

\* \* \*

ಇನ್‌ಸ್ಪೆಕ್ಟರ್ ಎದುರು ಲಾಕರ್ ತೆರೆದರು. ಚೀಟಿ ಇಟ್ಟಿದ್ದ ಲಕೋಟೆಯ ಅರಗು ಒಡೆದಿರಲಿಲ್ಲ.

"ಇದನ್ನ ಯಾರೂ ಬಿಚ್ಚಿಲ್ಲ," ಎಂದ ಇನ್‌ಸ್ಪೆಕ್ಟರ್.

ಲಾಕರಮ್ಮ ಯುವಕನತ್ತ ತಿರುಗಿದಳು. "ಪದಗಳನ್ನ ಎಲ್ಲಿ ಬರೆದ್ರಿ?"

"ಇಲ್ಲೇ. ಹೋದ ಮಂಗಳವಾರ, ನಿಮ್ಮ ಮೇಜಿನ ಚೀಟಿ ಪುಸ್ತಕದಲ್ಲಿ."

ಲಕೋಟೆ ಒಡೆಸಿದಳು. ಚೀಟಿಯ ಸಂಖ್ಯೆ ನಲವತ್ತೊಂದು. ಪುಸ್ತಕದಲ್ಲಿ ಮೇಲಿದ್ದದ್ದು ನಲವತ್ತಮೂರು. ಹಾಳಾದ ಚೀಟಿಗೂ ಗೀಟೆಳೆದು ಫೈಲಿಗೆ ಸೇರಿಸುವ ಅಚ್ಚುಕಟ್ಟು ಅವಳದು. ಫೈಲಿನಲ್ಲೂ ನಲವತ್ತೆರಡು ಇರಲಿಲ್ಲ.

"ಒಂದು ಚೀಟಿ ಕಾಣ್ತಿಲ್ಲ," ಎಂದಷ್ಟೇ ಹೇಳಿದಳು.

ಯುವಕನ ಜೊತೆ ಬಂದಿದ್ದ ಅವನ ಭಾವ ನಕ್ಕ. "ಅಕ್ಷರದ ಅಚ್ಚು ಬಿದ್ದಿರೋ ಹಾಳೆನ ಯಾರು ಬೇಕಾದ್ರೂ ಹರ್ಕೊಂಡು ಹೋಗಿರ್ಬಹುದು. ದಿನಕ್ಕೆ ನೂರು ಜನ ಬರ್ತಾರೆ."

\* \* \*

ಲಾಕರಮ್ಮ ಕನ್ನಡಕ ಸರಿಮಾಡಿಕೊಂಡಳು.

"ನಿಮ್ಮ ಭಾಮೈದ ಒತ್ತಿ ಬರೀತಾರೆ, ಕೆಳಗಿನ ಹಾಳೆಲಿ ಅಕ್ಷರ ಮೂಡುತ್ತೆ. ಆದ್ರೆ ಅಚ್ಚಿನ ಮಾತು ನಾನೆತ್ತಲೇ ಇಲ್ವಲ್ಲ ಸ್ವಾಮಿ! ಇನ್ನು ನೂರು ಜನ ಎಲ್ಲಿಂದ ಬರ್ಬೇಕು? ಗಿರಾಕಿಗಳನ್ನೆಲ್ಲ ನಿಮ್ಮಂಥೋರೇ ಎಳ್ಕೊಂಡ್ರಿ. ರಿಜಿಸ್ಟರ್ ನೋಡಿ. ಮಂಗಳವಾರದಿಂದ ಈಚೆಗೆ ಲಾಕರ್ ಕಡೆ ಬಂದೋರು ನೀವಿಬ್ರೇ. ಇವ್ರನ್ನ ನಾನು ಒಳಗೆ ಕರ್ಕೊಂಡು ಹೋದಾಗ ಈ ಮೇಜಿನ ಹತ್ರ ಒಬ್ರೇ ಕೂತಿದ್ದೋರು ನೀವು."

ಭಾವನ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರ್ ಅವನ ಫೋನ್ ತೆಗೆಸಿದ. ಹಣ ಅಲ್ಲೇ ಇತ್ತು. ವಾಪಸ್ ಮಾಡಿಸಲು ಆ ವ್ಯವಹಾರದಲ್ಲಿ ಮೇಲಧಿಕಾರಿ ಯಾರೂ ಇಲ್ಲ. ಭಾವನೇ ಒತ್ತಿ ಕಳಿಸಬೇಕಾಯಿತು.

"ತಪ್ಪಾಯ್ತಮ್ಮಾ," ಯುವಕ ತಲೆತಗ್ಗಿಸಿದ. "ಈಗ ಹೊಸ ಪದ ಬರೀಬೇಕು. ಇಲ್ಲೇ ಇಡ್ಬಹುದಾ?"

"ಶುಕ್ರವಾರದವರೆಗೆ ನಾನಿದ್ದೀನಿ, ಇಡಿ."

ನಲವತ್ತಮೂರನೇ ಚೀಟಿಯನ್ನು ಹರಿದು ಬರಿಮೇಜಿನ ಮೇಲಿಟ್ಟಳು.

"ಈಗ ಬರೀರಿ. ಎಷ್ಟು ಬೇಕಾದ್ರೂ ಒತ್ತಿ ಬರೀರಿ."

ಆಮೇಲೆ ರಿಜಿಸ್ಟರ್ ಎಳೆದುಕೊಂಡು, ಮೂವತ್ತೊಂದು ವರ್ಷದಲ್ಲಿ ಎಂದೂ ಹಾಕದಷ್ಟು ದೊಡ್ಡ ಸಹಿ ಹಾಕಿದಳು.