ಪೆಡಲ್ ಮೇಲೆ ಕಾಲಿಡಬೇಡಿ

"ಗಾಡಿ ಬೇಕಾದ್ರೆ ಟೆಂಪೋಗೆ ಹಾಕ್ಕೊಂಡು ಹೋಗಿ. ಪೆಡಲ್ ಮೇಲೆ ಮಾತ್ರ ಕಾಲಿಡಬೇಡಿ ಸಾಹುಕಾರ್ರೇ. ನಮ್ಮನೆಯವರ ಶಾಪ ಅದರಲ್ಲಿದೆ."

ಮೆಕ್ಯಾನಿಕ್‌ನ ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದಳು. ಹಳೇ ಗಾಡಿಗಳ ವ್ಯಾಪಾರಿ, ಊರೆಲ್ಲ ಪಾಲಿಶ್ ಸಾಹುಕಾರ ಎಂದು ಕರೆಯುವ ಆ ಮಹಾನುಭಾವ, ಹೊಟ್ಟೆ ಕುಣಿಯುವಂತೆ ನಕ್ಕ.

"ಬಡವರ ಸಿಟ್ಟು ದವಡೆಗೆ ಮೂಲ ಅಂತಾರೆ. ಸತ್ತ ಬಡವನ ಸಿಟ್ಟು ಇನ್ನೇನು ಮಾಡೀತಮ್ಮ?"

ನಾಚಿಕೆಗೆಟ್ಟವನು! ಈ ಬ್ರಿಟಿಷ್ ಮೊಪೆಡ್ಡಿನ ಹ್ಯಾಂಡಲ್ ಬುಡದಲ್ಲಿ ಬಿರುಕಿದೆ ಎಂದು ತಿಳಿದೂ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಓಡಿಸಿ ನೋಡು ಎಂದು ತನ್ನ ಮೆಕ್ಯಾನಿಕ್‌ಗೆ ಕೊಟ್ಟವನು ಇವನೇ. ಇಳಿಜಾರಿನಲ್ಲಿ ಹ್ಯಾಂಡಲ್ ಕಿತ್ತು ಬಂದು ಆತ ಸತ್ತ. ಕುಡಿದು ಬಿದ್ದ ಎಂದು ಇವನು ಊರಿಗೆಲ್ಲ ಸಾರಿದ. ಒಂದು ತೊಟ್ಟೂ ಮುಟ್ಟದವನ ಮಕ್ಕಳು ಕುಡುಕನ ಮಕ್ಕಳೆನಿಸಿಕೊಂಡರು. ಅಂದು ಮುರುಕು ಗಾಡಿಯನ್ನು ಅವಳ ಬಾಗಿಲಲ್ಲಿ ಎಸೆದು ಹೋಗಿದ್ದವನು, ಈಗ ಅದು ದುರಸ್ತಿಯಾಗಿದೆ, ಸಂಗ್ರಾಹಕರಿಗೆ ಮಾರಾಟಕ್ಕಿದೆ ಎಂದು ಅವಳು ಕೊಟ್ಟ ಜಾಹೀರಾತು ಕಂಡದ್ದೇ ಎದ್ದುಬಿದ್ದು ಓಡಿ ಬಂದಿದ್ದ. ಸಾವಿಗೆ ಬಾರದವನು ಲಾಭಕ್ಕೆ ಬಂದ.

ಶೆಡ್ಡಿನೊಳಗೆ ಹಗಲಲ್ಲೂ ಕತ್ತಲೆ. ಹಳಸಿದ ಪೆಟ್ರೋಲು, ತುಕ್ಕು, ಅವೆರಡರ ಅಡಿಯಲ್ಲಿ ಕೂದಲು ಸುಟ್ಟ ಕಮಟು ವಾಸನೆ. ಸ್ಟ್ಯಾಂಡ್ ಮೇಲೆ ನಿಂತಿದ್ದ ಮೊಪೆಡ್ಡಿನ ಹ್ಯಾಂಡಲ್ಲಿಗೆ ಯಾರೋ ಕಪ್ಪು ದಾರ ಸುತ್ತಿದ್ದರು.

"ಬೇಡ ಅಂತ ಮತ್ತೆ ಹೇಳ್ತಿದೀನಿ."

"ಇಂಜಿನ್ ಸದ್ದು ಕೇಳದೆ ಗಾಡಿ ಕೊಳ್ಳೋಕೆ ನಂಗೇನು ಹುಚ್ಚಾ?" ಎನ್ನುತ್ತ ಹತ್ತಿ ಕೂತು ಪೆಡಲ್ ತುಳಿದ.

ಒಂದೇ ತುಳಿತಕ್ಕೆ ಇಂಜಿನ್ ಗರ್ಜಿಸಿತು. ಸಾಹುಕಾರ ಹಿಗ್ಗಿದ. ಆಮೇಲೆ ಕಾಲು ತೆಗೆಯಲು ನೋಡಿದ. ಬರಲಿಲ್ಲ. ಪೆಡಲ್ ತಾನೇ ತಿರುಗಿತು. ಕಾಲನ್ನೂ ತಿರುಗಿಸಿತು. ಇನ್ನೂ ಜೋರಾಗಿ. ಮಂಡಿ ಲಟಕ್ಕೆಂದಿತು. ಹೊಗೆ ಕವಿಯಿತು. ಬೆನ್ನ ಹಿಂದೆ ಯಾರದೋ ತಣ್ಣನೆಯ ಉಸಿರು. ಸೊಂಟಕ್ಕೆ ಎರಡು ಕೈ.

"ನಿಲ್ಸಮ್ಮಾ! ನಿನ್ನ ಕಾಲಿಗೆ ಬೀಳ್ತೀನಿ!"

ಅವಳು ಕದಲಲಿಲ್ಲ. "ಬೇಡ ಬೇಡ ಅಂದ್ರೂ ಹತ್ತಿದವನಿಗೇ ಹಿಡಿಯೋ ಮಾಟ ಇದು. ಅದಕ್ಕೇ ಅಷ್ಟು ಹೇಳಿದ್ದು. ಈಗ ಹೇಳಿ, ನಮ್ಮನೆಯವರು ಕುಡಿದಿದ್ರಾ?"

"ಇಲ್ಲ! ಕುಡಿದಿರ್ಲಿಲ್ಲ! ಬಿರುಕು ಮುಚ್ಚಿದ್ದು ನಾನೇ!"

ಸದ್ದಿಗೆ ಓಡಿ ಬಂದಿದ್ದ ಬೀದಿಯ ಜನರೆಲ್ಲ ಆ ಮಾತು ಕೇಳಿದರು. ಅವಳು ಬಾಗಿಲಲ್ಲಿದ್ದ ಮಕ್ಕಳ ಕಡೆ ತಿರುಗಿ, "ಕೇಳಿಸ್ತಾ?" ಎಂದಳು. ಕಣ್ಣೊರೆಸಿಕೊಂಡು ಹೋಗಿ ಕಪ್ಪು ದಾರ ಕತ್ತರಿಸಿದಳು. ಇಂಜಿನ್ ನಿಂತಿತು. ಜನ ಸಾಹುಕಾರನನ್ನು ಇಳಿಸಿ ನೆಲದ ಮೇಲೆ ಮಲಗಿಸಿದರು.

ಮಲಗಿದರೂ ಅವನ ಕಾಲುಗಳು ನಿಲ್ಲಲಿಲ್ಲ. ಗಾಳಿಯಲ್ಲಿ ಗರಗರ ತಿರುಗುತ್ತಲೇ ಇದ್ದವು. ಇಬ್ಬರು ಅದುಮಿ ಹಿಡಿದರೂ ಆಗಲಿಲ್ಲ.

"ನಿಜ ಹೇಳಿದ್ನಲ್ಲಮ್ಮಾ!" ಎಂದು ಅವನು ಗೊಳೋ ಎಂದು ಅತ್ತ. "ಬಿಟ್ಬಿಡು!"

"ನಿಜ ಹೇಳಿದ್ದಕ್ಕೇ ಕೆಳಗಿಳಿಸಿದ್ದು," ಎಂದಳು ಅವಳು. "ಸಾಯಂಕಾಲ ಬೇಗ ಬರ್ತೀನಿ ಅಂತ ಹೇಳಿ ಹೋದವರು ಅವರು. ಇನ್ನೂ ಮನೆಗೆ ಬಂದಿಲ್ಲ. ಅವರು ಬರೋವರೆಗೂ ತುಳೀತಿರಿ."