ಡಾಕ್ಟರ್ ಕೋಬಾಲ್ ಮತ್ತು ಕಣ್ಣಿಲ್ಲದ ಜೀರುಂಡೆ

"ಈ ಬೇಸಿಗೆ ಸಿಗಲಿಲ್ಲ ಅಂದ್ರೆ ಮುಗೀತು ಯೆರ್ನೆಯ್. ಮುಂದಿನ ಬೇಸಿಗೆಗೆ ನನ್ನ ಕಣ್ಣು ಇರಲ್ಲ," ಎಂದರು ಡಾಕ್ಟರ್ ಬ್ಲಾಜ್ ಕೋಬಾಲ್.

ಕಾರ್ನಿಯೋಲ ಸೀಮೆಯ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸುತ್ತ, ಮುರಿದ ಮೂಳೆ ಕೂಡಿಸುತ್ತ ಬಂದವರು ಅವರು. ರೋಗಿಯ ಮನೆಗೆ ಹೋಗುವ ದಾರಿಯಲ್ಲೂ ಕಲ್ಲು ಮಗುಚಿ ಜೀರುಂಡೆ ಹಿಡಿಯುವ ಹುಚ್ಚು. ಹನ್ನೆರಡು ವರ್ಷದ ಹಿಂದೆ ತೋಳದ ಗುಹೆಯಲ್ಲಿ ಅವರಿಗೆ ಕಣ್ಣೇ ಇಲ್ಲದ ಜೀರುಂಡೆಯೊಂದು ಸಿಕ್ಕಿತ್ತು. ವಿಯೆನ್ನಾದ ಪಂಡಿತರಿಗೆ ಕಳಿಸಿದರೆ ದಾರಿಯಲ್ಲೇ ಅದರ ತಲೆ ಮುರಿದು ಪುಡಿಯಾಯಿತು. ತಲೆಯೇ ಇಲ್ಲದ ಹುಳಕ್ಕೆ ಕಣ್ಣಿರಲಿಲ್ಲ ಎಂದು ನಂಬುವುದು ಹೇಗೆ ಎಂದು ಪಂಡಿತರು ನಕ್ಕರು. ಈಗ ಡಾಕ್ಟರ ಕಣ್ಣಿನ ನರವೇ ಸಾಯುತ್ತಿತ್ತು. ಅದಕ್ಕೆ ಮದ್ದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಕುರಿ ಕಾಯುವ ಯೆರ್ನೆಯ್ ಅದೇ ಗುಹೆಯ ಬಾಯಲ್ಲಿ ದೀಪ ಹಿಡಿದ. ಕಾಡುಹಂದಿ ಸೀಳಿದ ಅವನ ತೊಡೆಯನ್ನು ಹೊಲಿದು ಉಳಿಸಿದ್ದು ಇದೇ ಡಾಕ್ಟರು. ಡಾಕ್ಟರ ತಂಗಿ ಉರ್ಶಾ ಹಗ್ಗದ ಏಣಿಯನ್ನು ಮರಕ್ಕೆ ಬಿಗಿದು ಒಳಕ್ಕೆ ಇಳಿಬಿಟ್ಟಳು.

"ಅಣ್ಣಾ, ಹುಳ ಸಿಗ್ಲಿ ಬಿಡ್ಲಿ, ಸಾರು ಆರೋದ್ರೊಳಗೆ ಮೇಲೆ ಬಾ."

"ಸಾರಲ್ಲಿ ಉಪ್ಪಿದ್ರೆ ಬರ್ತೀನಿ."

ಏಣಿಯ ಬುಡದಿಂದ ಒಂದು ಕಿರಿದಾದ ಸಂದು, ಅದರಾಚೆ ದೊಡ್ಡ ಹಜಾರ. ಮೇಲಿಂದ ಕಲ್ಲಿನ ಬಿಳಲುಗಳು ಇಳಿಬಿದ್ದಿದ್ದವು. ಪ್ರತಿ ತುದಿಯಲ್ಲೂ ಒಂದು ಹನಿ ಜಾರಲೋ ಬೇಡವೋ ಎಂದು ನೇತಾಡುತ್ತಿತ್ತು. ಹೊರಗಿನ ಜೂನ್ ತಿಂಗಳ ಸೆಕೆ ಇಲ್ಲಿಗೆ ಎಂದೂ ಬಂದಿರಲಿಲ್ಲ. ಮೂರು ಗಂಟೆ ಇಬ್ಬರೂ ಮೊಣಕಾಲಲ್ಲಿ ತೆವಳಿದರು.

"ಡಾಕ್ಟ್ರೇ! ಗೋಧಿ ಕಾಳಿನ ಹಾಗಿದೆ. ಜೇನಿನ ಬಣ್ಣ. ಕಾಲು ಕೂದಲಿನಷ್ಟು ಸಣ್ಣ. ಅಯ್ಯೋ, ಎರಡಿವೆ!"

"ಉಸಿರು ಬಿಡಬೇಡ! ಒದ್ದೆ ಕುಂಚದಲ್ಲಿ ಮೆಲ್ಲಗೆ ಎತ್ತು."

ಎರಡೂ ಸೀಸೆಗಿಳಿದವು. ಬಿರಡೆ ಬಿಗಿಯುವಷ್ಟರಲ್ಲಿ ನೆಲದಡಿಯಿಂದ ಗುಡುಗುಡು ಸದ್ದು.

ಮೇಲೆ ಮಳೆ ಸುರಿದಿತ್ತು.

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಯೆರ್ನೆಯ್ ಎಡವಿದ. ದೀಪ ಚುಂಯ್ ಎಂದು ಆರಿತು.

"ಏನೂ ಕಾಣ್ತಿಲ್ಲ ಡಾಕ್ಟ್ರೇ! ಸತ್ವಿ!"

"ನನಗೆ ವರ್ಷದಿಂದ ಹೀಗೇ ಕಾಣೋದು. ಸತ್ತಿದ್ದೀನಾ? ನನ್ನ ಕೋಟು ಹಿಡ್ಕೋ."

ಡಾಕ್ಟರು ಮುಖ ತಿರುಗಿಸುತ್ತ ನಿಂತರು. ಎಡಗೆನ್ನೆಗೆ ಹೊರಗಿನ ಗಾಳಿ ಸೋಕಿತು. ಸಂದು ಅತ್ತ. ಗೋಡೆ ತಡವುತ್ತ ಹೊರಟರು. ಸಂದಿನಲ್ಲಿ ನೀರು ಕುತ್ತಿಗೆ ಮುಟ್ಟಿತು. ಕೋಟು ಹಿಡಿದ ಕೈ ತಟ್ಟನೆ ಸಡಿಲವಾಯಿತು. ಸೆಳೆತ ಯೆರ್ನೆಯ್‌ನನ್ನು ಎಳೆದಿತ್ತು.

ಸೀಸೆಯನ್ನು ಹಲ್ಲಿನ ನಡುವೆ ಕಚ್ಚಿ, ಎರಡೂ ಕೈ ಚಾಚಿ ಡಾಕ್ಟರು ಹಿಂದಕ್ಕೆ ಧುಮುಕಿದರು. ಕೈಗೆ ಕೂದಲು ಸಿಕ್ಕಿತು. ಎಳೆದರು.

"ಡಾಕ್ಟ್ರೇ, ನೀವೇನಾ? ಮಾತಾಡಿ!"

"ಹೂಂ! ಹೂಂ!"

"ಬಾಯಲ್ಲೇನು ಸೀಸೇನಾ? ನಿಮ್ಮ ಹುಳ ಹಾಳಾಗ್ಲಿ!" ಯೆರ್ನೆಯ್ ಕೆಮ್ಮುತ್ತ, ಬೈಯುತ್ತ, ಅಳುತ್ತ ಅವರ ಹಿಂದೆ ನಡೆದ.

ಏಣಿಯ ಬುಡದಲ್ಲಿ ಎದೆಮಟ್ಟ ನೀರಿನಲ್ಲಿ ಲಾಂದ್ರ ಎತ್ತಿ ಹಿಡಿದು ಉರ್ಶಾ ನಿಂತಿದ್ದಳು. ಕೂಗಿ ಕೂಗಿ ಅವಳ ದನಿ ಬಿದ್ದುಹೋಗಿತ್ತು. ಅಣ್ಣನನ್ನು ಕಂಡವಳೇ ಬೆನ್ನಿಗೊಂದು ಗುದ್ದಿದಳು. ಆಮೇಲೆ ಅಪ್ಪಿಕೊಂಡಳು.

ಮೇಲೆ ಮಳೆ ನಿಂತು ಬಿಸಿಲು ಬಂದಿತ್ತು. ಮೂವರೂ ಹುಲ್ಲಿನ ಮೇಲೆ ಉರುಳಿದರು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಯೆರ್ನೆಯ್ ಕೈಗೆ ಕೊಟ್ಟರು.

"ನೀನೇ ನೋಡಿ ಹೇಳು. ಉರ್ಶಾ, ಬರ್ಕೋ. ಕಾಲು?"

"ಆರು. ಎರಡಕ್ಕೂ."

"ತಲೆ?"

"ಗಟ್ಟಿಯಾಗಿದೆ."

"ಕಣ್ಣು?"

ಯೆರ್ನೆಯ್ ಸೀಸೆಯನ್ನು ಮೂಗಿಗೆ ತಾಗಿಸಿ, ಬಹಳ ಹೊತ್ತು ತಿರುಗಿಸಿ ನೋಡಿದ.

"ಇಲ್ಲ ಡಾಕ್ಟ್ರೇ. ಕಣ್ಣಿರಬೇಕಾದ ಜಾಗದಲ್ಲಿ ಒಂದು ಗುರುತೂ ಇಲ್ಲ. ಆದರೂ ನೋಡಿ, ಎಷ್ಟು ಚೆನ್ನಾಗಿ ಓಡಾಡ್ತಿವೆ."

ಡಾಕ್ಟರು ಒದ್ದೆ ಗಡ್ಡ ನೀವಿಕೊಂಡು ನಕ್ಕರು. "ಇನ್ನೊಂದ್ಸಲ ಹೇಳು," ಅಂದರು.