ನೀಲಿ ಪಿಕಪ್ಪು ಕಾಣೆಯಾದ ಭಾನುವಾರ

ಭಾನುವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಸುಜಯೀಂದ್ರ ರಾಯರು ಮೈಲಾಪೂರಿನ ಠಾಣೆಗೆ ನುಗ್ಗಿದ ರಭಸಕ್ಕೆ, ಗೋಡೆ ಮೇಲಿನ ಕ್ಯಾಲೆಂಡರು ಡಿಸೆಂಬರಿಗೇ ಹಾರಿಹೋಯ್ತು. ಮೂರು ತಲೆಮಾರಿಂದ ಮದ್ರಾಸಲ್ಲೇ ಇರೋ ಮನೆತನ. ಬಾಯ್ತುಂಬ ಕನ್ನಡ ಮಾತಾಡ್ತಾರೆ, ಅದರಲ್ಲಿ ಮುಕ್ಕಾಲುಪಾಲು ತಮಿಳು.

"ವಂಡಿ ಪೋಚು! ನನ್ನ ವಂಡಿ ಹೋಯ್ತು!"

ಹೆಡ್ ಕಾನ್‌ಸ್ಟೇಬಲ್ ಪುಟ್ಟತಾಯಮ್ಮ ತಾಳವಾಡಿ ಕಡೆಯವಳು. ಠಾಣೇಲಿ ಕನ್ನಡ ಕೇಳಿ ಅವಳ ಮುಖ ಊರಗಲ ಆಯ್ತು. "ಕೂತ್ಕೊಳ್ಳಿ ರಾಯರೇ. ಯಾವ ವಂಡಿ?"

"ಸಣ್ಣ ಪಿಕಪ್ಪು. ನೀಲಿ ಬಣ್ಣ. ಎಂಬತ್ತಾರನೇ ಇಸವೀದು."

"ಅಷ್ಟು ವಯಸ್ಸಾದದ್ದು ತಾನೇ ಕಾಶಿಗೆ ಹೊರಟುಹೋಯ್ತೇನೋ."

ರಾಯರು ನಗಲಿಲ್ಲ. ಕಣ್ಣಲ್ಲಿ ನೀರಿತ್ತು. ಪುಟ್ಟತಾಯಮ್ಮ ನಾಲಿಗೆ ಕಚ್ಕೊಂಡು ಪೆನ್ನು ತಗೊಂಡ್ಲು.

ರಾಯರೂ ಸೇರಿ ಹಳೇ ಪಿಕಪ್ ಇಟ್ಟವರು ಹನ್ನೆರಡು ಜನ. ಭಾನುವಾರ ಭಾನುವಾರ ಒಂದು ಮೈದಾನದಲ್ಲಿ ಗಾಡಿ ಸಾಲಾಗಿ ನಿಲ್ಲಿಸಿ, ಬಾನೆಟ್ ಎತ್ತಿ, ಮಗುವಿಗೆ ಹಲ್ಲು ಬಂದಿದೆಯಾ ಅಂತ ನೋಡೋ ಹಾಗೆ ಒಬ್ಬರ ಎಂಜಿನ್ನು ಒಬ್ಬರು ನೋಡ್ತಾರೆ. ಬೀಗದ ಕೈ ಗಾಡಿಲೇ ಬಿಡೋದು ಅವರ ರೂಢಿ, ಯಾರು ಬೇಕಾದ್ರೂ ಸ್ಟಾರ್ಟ್ ಮಾಡಿ ಸದ್ದು ಕೇಳಲಿ ಅಂತ. ಏಳೂಕಾಲಿಗೆ ಎಲ್ಲರೂ ಕಾಫಿಗೆ ಹೋದ್ರು. ಯಾರ ಗಾಡಿ ಹೆಚ್ಚು ಮುದಿ ಅನ್ನೋ ಜಗಳ ಮುಗಿಸಿ ಬರೋ ಹೊತ್ತಿಗೆ ಹನ್ನೊಂದೇ ಗಾಡಿ ಇತ್ತು.

ಎಂಟು ಐವತ್ತಕ್ಕೆ ಎಫ್‌ಐಆರ್ ಆಯ್ತು. ಒಂಬತ್ತೂವರೆಗೆ ಇನ್ಸ್‌ಪೆಕ್ಟರ್ ಭೋಜರಾಜ ಮೈದಾನದಲ್ಲಿ ಪಂಚನಾಮೆ ಮಾಡ್ದ. ಹೊಸೂರಿನವನು, ಅವನ ಮೀಸೇಲಿ ಎರಡು ಗುಬ್ಬಿ ಸಂಸಾರ ಮಾಡಬಹುದು.

"ಗುಜರಿಯವರ ಕೈಗೆ ಸಿಕ್ಕಿದ್ರೆ ಸಂಜೆಯೊಳಗೆ ತುಂಡು ತುಂಡು ತಾಯಮ್ಮ," ಅಂದ. "ಬೇಗ ಹುಡುಕು."

ಎದುರಿನ ಮೆಡಿಕಲ್ ಶಾಪಿನ ಕ್ಯಾಮೆರಾದಲ್ಲಿ ಗಾಡಿ ಸಿಕ್ತು, ಏಳು ಇಪ್ಪತ್ತೆರಡಕ್ಕೆ. ಮುಖ ಕಾಣಲ್ಲ. ಆದ್ರೆ ಬಲಕ್ಕೆ ತಿರುಗೋ ಮುಂಚೆ ಕಿಟಕಿಯಿಂದ ಒಂದು ಕೈ ಉದ್ದಕ್ಕೆ ಚಾಚಿತ್ತು. ಪುಟ್ಟತಾಯಮ್ಮ ಅದನ್ನ ಹತ್ತು ಸಲ ನೋಡಿದ್ಲು.

"ರಾಯರೇ, ನಿಮ್ಮ ಗಾಡಿ ಬಲಗಡೆ ಇಂಡಿಕೇಟರ್ ಕೆಟ್ಟಿದೆಯಾ?"

"ಏನಮ್ಮಾ ಹಾಗಂತೀರಿ! ನಾಲ್ಕು ವರ್ಷದ ಹಿಂದೆ ಗಾಡಿ ತಗೊಂಡ ವಾರದಲ್ಲೇ ಸರಿ ಮಾಡಿಸ್ದೆ. ದೀಪಾವಳಿ ಥರ ಮಿನುಗತ್ತೆ."

"ಅದಕ್ಕೂ ಮುಂಚೆ?"

"ಸತ್ತುಹೋಗಿತ್ತು."

"ಸಾರ್," ಅಂದ್ಲು ಭೋಜರಾಜನ ಕಡೆ ತಿರುಗಿ, "ಕಳ್ಳನಿಗೆ ಅದು ಸರಿಯಾಗಿರೋದು ಗೊತ್ತಿಲ್ಲ. ಕೆಟ್ಟಿದ್ದ ಕಾಲದಲ್ಲಿ ಓಡಿಸಿದವನು. ಕೈ ತಾನಾಗೇ ಹೋಗಿದೆ."

ಆರ್‌ಸಿ ಬುಕ್ಕಿನಲ್ಲಿ ಹಳೇ ಮಾಲೀಕ ಎಣ್ಣೂರಿನ ಒಬ್ಬ ಕ್ಯಾಂಟೀನ್ ಕಂಟ್ರಾಕ್ಟರು. ಭೋಜರಾಜನಿಗೆ ಫೋನಲ್ಲಿ ಸಿಕ್ಕಿದ.

"ಯಾರು ಓಡಿಸ್ತಿದ್ರು?"

"ಪ್ರತಾಪ್ ಒಬ್ಬನೇ ಸಾರ್. ಇಪ್ಪತ್ತೆಂಟು ವರ್ಷ. ನನಗೂ ಮುಟ್ಟಕ್ಕೆ ಬಿಡ್ತಿರಲಿಲ್ಲ. ಮನೆ ಇಲ್ಲೇ ಎಣ್ಣೂರಲ್ಲೇ."

ಗಾಡಿ ಗುರುತು ಹಿಡಿಯಕ್ಕೆ ರಾಯರನ್ನೂ ಜೀಪಲ್ಲಿ ಕೂರಿಸ್ಕೊಂಡು ಹೊರಟ್ರು. ಒಂದೂವರೆಗೆ ಎಣ್ಣೂರು ಸೇರಿದ್ರು. ಮೀನು ಒಣಗಿಸಿದ ಬೀದೀಲಿ, ತೊಳೆದು ಒರೆಸಿ ಮಲ್ಲಿಗೆ ಹಾರ ಹಾಕಿಸ್ಕೊಂಡು ನಿಂತಿತ್ತು ನೀಲಿ ಪಿಕಪ್ಪು, ಮದುವೆ ಗಂಡಿಗೂ ಅಷ್ಟು ಕಳೆ ಇರಲ್ಲ. ಪಕ್ಕದಲ್ಲಿ ಅರವತ್ತರ ನರಪೇತಲ ಒಬ್ಬ, ಕೈಯಲ್ಲಿ ಒರೆಸೋ ಬಟ್ಟೆ.

"ಪ್ರತಾಪ್ ನೀನೇನಾ?"

"ಹೌದಮ್ಮ."

"ಪೊಲೀಸ್ ಜೀಪ್ ನೋಡಿ ಯಾಕೆ ಓಡ್ಲಿಲ್ಲ?"

"ಗಾಡಿ ವಾಪಸ್ ಬಿಡಬೇಕಿತ್ತು."

"ಯಾಕೆ ತಂದೆ?"

ಅವನು ಬಾಗಿಲ ಕಡೆ ನೋಡ್ದ. ಒಳಗೆ ಮಂಚದ ಮೇಲೆ ಮಗಳು ಅಕ್ಷಯಾ, ಪಕ್ಕದಲ್ಲಿ ಐದು ದಿನದ ಹೆಣ್ಣುಕೂಸು.

"ನನ್ನ ಹೆಂಡತಿ ಈ ಮಗಳನ್ನ ಹೆತ್ತಿದ್ದು ಇದೇ ಗಾಡಿ ಹಿಂದುಗಡೆ ಅಮ್ಮ. ಆ ದಿನ ಆಟೋ ಇಲ್ಲ, ಆಂಬುಲೆನ್ಸ್ ಇಲ್ಲ. ಇದು ಒಂದು ಸಲಾನೂ ಕೆಮ್ಮದೆ ಆಸ್ಪತ್ರೆ ಮುಟ್ಟಿಸ್ತು. ತಾಯಿ, ಮಗು ಇಬ್ರೂ ಉಳಿದ್ರು. ಈಗ ಇವಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಉಳಿದ್ರೆ ಕೂಸನ್ನ ಆ ಗಾಡೀಲೇ ಮನೆಗೆ ತರ್ತೀನಿ ಅಂತ ಹರಕೆ ಹೊತ್ತಿದ್ದೆ. ಇವತ್ತು ಡಿಸ್ಚಾರ್ಜ್."

"ಕೇಳ್ಬೇಕಿತ್ತು."

"ಹಳೇ ಮಾಲೀಕರ ಹತ್ರ ನಂಬರು ಇಸ್ಕೊಂಡು ಮೂರು ಸಲ ಫೋನ್ ಮಾಡ್ದೆ. ಗಾಡಿ ಅನ್ನೋ ಅಷ್ಟರಲ್ಲಿ ಬೈದು ಇಟ್ಟುಬಿಟ್ರು."

ರಾಯರ ಮುಖ ಸುಟ್ಟ ಹಪ್ಪಳ ಆಯ್ತು. "ಅದು ನೀನಾ? ದಿನಾ ಹತ್ತು ಬ್ರೋಕರು ಗಾಡಿ ಕೊಡ್ತೀರಾ ಅಂತ ಪ್ರಾಣ ತಿಂತಾರಪ್ಪ. ನೀನೂ ಅವರಲ್ಲೊಬ್ಬ ಅಂದ್ಕೊಂಡೆ." ಭೋಜರಾಜನ ಕಡೆ ತಿರುಗಿ, "ಸಾರ್, ನನ್ನ ಕಂಪ್ಲೇಂಟ್ ವಾಪಸ್ ಕೊಟ್ಬಿಡಿ."

"ಎಫ್‌ಐಆರ್ ಆಗಿದೆ ರಾಯರೇ. ಇನ್ನು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಕೋರ್ಟಲ್ಲಿ ಹೇಳಿ."

ಒಂದು ಐವತ್ತಕ್ಕೆ ಬಂಧನ. ಬಂಧನದ ಕಾಗದಕ್ಕೆ ಮನೆಯವರೊಬ್ಬರ ಸಹಿ ಬೇಕು. ಅಕ್ಷಯಾ ಸಹಿ ಹಾಕೋವರೆಗೂ ಕೂಸು ಪುಟ್ಟತಾಯಮ್ಮನ ಕೈಲಿತ್ತು, ಖಾಕಿ ಗುಂಡೀನ ಬಿಗಿಯಾಗಿ ಹಿಡ್ಕೊಂಡು.

"ಅಪ್ಪನ್ನ ಹೊಡೀತೀರಾ ಅಕ್ಕ?"

"ನಾನಿರೋವರೆಗೂ ಇಲ್ಲ ಕಣಮ್ಮ."

ಜಪ್ತಿ ಆದ ಗಾಡಿ ಠಾಣೆಗೆ ಹೋಗಬೇಕು. "ನೀವೇ ಓಡ್ಸಿ ರಾಯರೇ," ಅಂದ ಭೋಜರಾಜ.

"ಇವತ್ತು ನನ್ನಿಂದಾಗಲ್ಲ ಸಾರ್. ಅವನು ಓಡ್ಸಲಿ. ಪಕ್ಕದಲ್ಲಿ ನಾನು ಕೂತ್ಕೊತೀನಿ."

ಆರೋಪಿ ಕೈಗೆ ಸ್ಟೀರಿಂಗ್ ಕೊಡೋದುಂಟೇ? ಭೋಜರಾಜ ತಿರುಗಿ ನಿಂತು ದೂರದ ಥರ್ಮಲ್ ಪವರ್ ಸ್ಟೇಷನ್ ಕಡೆ ತುಂಬಾ ಹೊತ್ತು ನೋಡ್ದ. "ಆ ಚಿಮಣಿ ಎಷ್ಟು ಎತ್ತರ ಅಲ್ವಾ ತಾಯಮ್ಮ?"

"ಸ್ವರ್ಗಕ್ಕೆ ಮುಟ್ಟುತ್ತೆ ಸಾರ್," ಅಂತ ಅವಳು ಗಾಡಿ ಹಿಂದುಗಡೆ ಹತ್ತಿ ಕೂತ್ಲು.

ಸೋಮವಾರ ಕೋರ್ಟಲ್ಲಿ ಪ್ರತಾಪನಿಗೆ ಜಾಮೀನು ನಿಂತವರು ರಾಯರೇ. ಸಂಜೆ ಪುಟ್ಟತಾಯಮ್ಮ ಕೇಸ್ ಡೈರಿ ಬರೆದು ಭೋಜರಾಜನ ಮುಂದಿಟ್ಲು. ಕೃತ್ಯದ ಉದ್ದೇಶ ಅನ್ನೋ ಕಡೆ ಒಂದೇ ಸಾಲು: ಹೆಂಡತಿ, ಮಗಳ ಜೀವ ಉಳಿಸಿದ್ದಕ್ಕೆ ಗಾಡಿಗೆ ಕೈಮುಗಿಯೋದು.

ಭೋಜರಾಜ ಎರಡು ಸಲ ಓದ್ದ. ಏನೂ ತಿದ್ದದೆ ಸಹಿ ಹಾಕ್ದ.